ಸೇತುವೆ ದಾಟಿದ ಉಪ್ಪು

ನಮ್ಮ ಊರಿನಲ್ಲಿ ಉಪ್ಪು ಗಟ್ಟಿಯಾಗಿ ನಿಲ್ಲುವುದಿಲ್ಲ. ಉಪ್ಪಿನ ಲಾರಿ ಕಲ್ಲುಸೇತುವೆಯ ಆಚೆ ದಂಡೆಯಲ್ಲೇ ನಿಲ್ಲುತ್ತದೆ. ಹಮಾಲರು ಚೀಲದ ಬಾಯಿ ಬಿಚ್ಚಿ ಹರಳನ್ನು ಡಬ್ಬಗಳಿಗೆ ಸುರಿದುಕೊಂಡು ಹೊರುತ್ತಾರೆ. ಈಚೆ ದಂಡೆ ಮುಟ್ಟುವಷ್ಟರಲ್ಲಿ ಡಬ್ಬದೊಳಗೆ ಗುಳುಗುಳು ಸದ್ದು ಶುರುವಾಗಿರುತ್ತದೆ. ನೀರು ಬೆರೆಸಿದ್ದಲ್ಲ, ಕಾಸಿದ್ದೂ ಅಲ್ಲ. ಉಪ್ಪೇ ತಣ್ಣಗೆ, ತಿಳಿಯಾಗಿ, ಹರಳೆಣ್ಣೆಗಿಂತ ಒಂದಿಷ್ಟು ತೆಳ್ಳಗೆ ಹರಿಯುತ್ತದೆ. ನಾವದನ್ನು ಹರಿಯುಪ್ಪು ಅನ್ನುತ್ತೇವೆ. ಅಂಗಡಿಯಲ್ಲಿ ಸೀಸೆಯಲ್ಲಿ ಕೊಡುತ್ತಾರೆ. ಸಾರಿಗೆ ಹನಿಯ ಅಳತೆ. ಮದುವೆಯ ಊಟದಲ್ಲಿ ಎಲೆಯ ತುದಿಗೆ ಉಪ್ಪು ಬಡಿಸುವ ಕೆಲಸವನ್ನು ಕೈ ನಡುಗದವರಿಗೇ ವಹಿಸುತ್ತಾರೆ. ಕ್ಷೌರದಂಗಡಿಯಲ್ಲಿ ಪಟಿಕದ ಗಟ್ಟಿ ಇಲ್ಲ, ಪಟಿಕದಲ್ಲಿ ಅದ್ದಿದ ಹತ್ತಿ ಇದೆ. ಪಟಾಕಿಯ ಮದ್ದು ಅದರಲ್ಲಿನ ಉಪ್ಪು ಕರಗಿ ಸೇತುವೆಯ ಮೇಲೇ ತೊಯ್ದು ತೊಪ್ಪೆಯಾಗುವುದರಿಂದ ನಮ್ಮ ದೀಪಾವಳಿಯಲ್ಲಿ ಬರೀ ದೀಪ. ಸುಣ್ಣ, ಕಲ್ಲು, ಎಲುಬುಗಳಲ್ಲಿ ಇರುವುದೂ ಉಪ್ಪಿನ ಜಾತಿಯದೇ ಅಂತೆ, ಅವುಗಳ ತಂಟೆಗೆ ಮಾತ್ರ ಈ ನಿಯಮ ಯಾಕೋ ಹೋಗಿಲ್ಲ, ನಮ್ಮ ಪುಣ್ಯ. ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ‘ಉಪ್ಪು ಹರಳಿನ ರೂಪದ ಘನವಸ್ತು’ ಎಂದು ಬರೆದು ಅಂಕ ತೆಗೆದುಕೊಳ್ಳುತ್ತಾರೆ, ಮನೆಗೆ ಬಂದು ಮಜ್ಜಿಗೆಗೆ ಎರಡು ಹನಿ ಉಪ್ಪು ಬಿಟ್ಟುಕೊಂಡು ಕುಡಿಯುತ್ತಾರೆ.

ನಾನು ಗಾಜು ಊದುವವಳು, ಕಾಶವ್ವ. ನಮ್ಮದು ಬಳೆಗಾರರ ಮನೆ. ಅಪ್ಪನ ಕಾಲಕ್ಕೆ ಬಳೆ ಹೋಗಿ ಉಪ್ಪಿನ ಸೀಸೆ ಬಂತು, ನನ್ನ ಕಾಲಕ್ಕೆ ಕಾಲೇಜಿನ ಪ್ರಯೋಗಶಾಲೆಯ ಗಾಜೂ ಸೇರಿತು. ಆದರೆ ನಾನು ಹೇಳಹೊರಟದ್ದು ನನ್ನ ಕಥೆಯಲ್ಲ, ನೇಮಣ್ಣನದು.

ನೇಮಣ್ಣ ನಮ್ಮ ಊರಿಗೆ ಬಂದಾಗ ಅವನಿಗೆ ಐವತ್ತೆರಡು. ಬಸ್ಸಿನಲ್ಲಿ ಆರು ತಾಸು ದೂರದ ಒಂದು ಔಷಧಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಮಾತ್ರೆಯ ಪುಡಿ ತಯಾರಾಗುವ ಮೊದಲು ಅದರ ಸಾಮಾನುಗಳನ್ನು ಯಾವುದಾದರೊಂದು ದ್ರಾವಕದಲ್ಲಿ ಕರಗಿಸಿ ಕುದಿಸಬೇಕಂತೆ. ಆ ದ್ರಾವಕಗಳು ಪೆಟ್ರೋಲಿನ ಹಾಗೆ, ಮುಚ್ಚಳ ತೆಗೆದರೆ ಸಾಕು, ಆವಿಯಾಗಿ ಮೂಗಿಗೆ ನುಗ್ಗುತ್ತವೆ. ನೇಮಣ್ಣ ಕೆಲಸ ಮಾಡುತ್ತಿದ್ದುದು ಅದೇ ವಿಭಾಗದಲ್ಲಿ. ಮೊದಲು ತಲೆನೋವು ಬಂತು, ಆಮೇಲೆ ಕೈಯ ಚರ್ಮ ಬಿರಿಯಿತು, ಕೊನೆಗೆ ಎದೆಯಲ್ಲಿ ಕೆಮ್ಮು ಮನೆ ಮಾಡಿತು. ಡಾಕ್ಟರು ಇನ್ನು ಆ ಕಟ್ಟಡದೊಳಗೆ ಕಾಲಿಡಬೇಡ ಎಂದರು. ದೂರದ ನೆಂಟರೊಬ್ಬರು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಅಟೆಂಡರ್ ಕೆಲಸ ಖಾಲಿ ಇದೆ ಎಂದು ಕರೆಸಿದರು. ಮತ್ತೆ ಪ್ರಯೋಗಶಾಲೆಯೇ ಎಂದು ಅವನು ಹೆದರಿಕೊಂಡೇ ಬಂದನಂತೆ. ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡೇ ಅಂಬುಜಾ ಮೇಡಂಗೆ ನಮಸ್ಕಾರ ಮಾಡಿದನಂತೆ.

ಅಂಬುಜಾ ಮೇಡಂ ಆ ಪ್ರಯೋಗಶಾಲೆಯ ಮುಖ್ಯಸ್ಥೆ, ಉಪಮುಖ್ಯಸ್ಥೆ, ಎಲ್ಲವೂ. ನಲವತ್ತಾರು ವರ್ಷದ ಒಂಟಿ ಹೆಂಗಸು, ಬಾಯಿ ಜೋರು. ಸೀಸೆಯ ಕತ್ತು ಕೂದಲೆಳೆಯಷ್ಟು ಡೊಂಕಾದರೂ ನನಗೇ ವಾಪಸು ಕಳಿಸುತ್ತಿದ್ದರು. ಅವರು ಮೂಗು ಮುಚ್ಚಿ ನಿಂತವನನ್ನು ನೋಡಿ ಮೇಜಿನ ಮೇಲೆ ಕಾಯುತ್ತಿದ್ದ ಬುದ್ದಲಿಯ, ಅಂದರೆ ಕತ್ತುಳ್ಳ ಗಾಜಿನ ಪಾತ್ರೆಯ, ಬಳಿಗೆ ಕರೆದು ಕೈ ತೆಗೆಯಲು ಹೇಳಿದರು. ಅವನು ತೆಗೆದ. ಯಾವ ವಾಸನೆಯೂ ಇರಲಿಲ್ಲ. ಹರಿಯುಪ್ಪು ಆವಿಯಾಗುವುದಿಲ್ಲ; ನೆಲಕ್ಕೆ ಚೆಲ್ಲಿದರೆ ವರ್ಷವಾದರೂ ಒಣಗುವುದಿಲ್ಲ, ಒರೆಸಿಯೇ ತೆಗೆಯಬೇಕು. ಮೇಡಂ ದ್ರಾವಕದ ಬದಲು ಅದನ್ನೇ ಬಳಸುತ್ತಿದ್ದರು.

ಈ ಕೆಲಸ ಏನೆಂದು ನನಗೆ ನೇಮಣ್ಣನೇ ಒಮ್ಮೆ ಬಿಡಿಸಿ ಹೇಳಿದ. ಸಂಧಿನೋವಿನ ಮಾತ್ರೆ ಇದೆಯಲ್ಲ, ಅದರ ಮೂಲವಸ್ತು ಎರಡು ತುಂಡುಗಳು ಸೇರಿ ಆಗಬೇಕು. ತಾವಾಗಿ ಅವು ಸೇರುವುದಿಲ್ಲ. ಪಲ್ಲಾಡಿಯಂ ಎಂಬ ಬೆಳ್ಳಿಬಣ್ಣದ ದುಬಾರಿ ಲೋಹ ನಡುವೆ ಇದ್ದರೆ ಎರಡೂ ಅದರ ಮೇಲೆ ಬಂದು ಕೂತು, ಒಂದರ ಕೈ ಒಂದು ಹಿಡಿದು ಹೊರಟುಹೋಗುತ್ತವೆ. ಲೋಹ ಹೇಗಿತ್ತೋ ಹಾಗೆ ಉಳಿಯುತ್ತದೆ. ಇಂಥದಕ್ಕೆ ಪುಸ್ತಕದಲ್ಲಿ ವೇಗವರ್ಧಕ ಅನ್ನುತ್ತಾರೆ. ಕಾರ್ಖಾನೆಯಲ್ಲಿ ಆ ಲೋಹವನ್ನು ದ್ರಾವಕದಿಂದ ಮತ್ತೆ ಹೆಕ್ಕುವುದೇ ದೊಡ್ಡ ರಗಳೆ. ಮೇಡಂ ಅವರ ಬುದ್ದಲಿಯಲ್ಲಿ ಲೋಹ ತಳದ ಹರಿಯುಪ್ಪಿನಲ್ಲೇ ಕರಗಿ ಉಳಿಯುತ್ತದೆ, ತಯಾರಾದ ಔಷಧಿ ಸಾರಿನ ಮೇಲಿನ ಎಣ್ಣೆಯಂತೆ ತೇಲಿ ಬರುತ್ತದೆ. ಮೇಲಿನದನ್ನು ಬಗ್ಗಿಸಿಕೊಂಡು, ಅದೇ ತಳಕ್ಕೆ ಹೊಸ ಸಾಮಾನು ಹಾಕಿದರಾಯಿತು. ಹದಿನೆಂಟು ಸಲ ಹಾಗೆ ಮಾಡಿದ್ದನ್ನು ಅವನು ಕಣ್ಣಾರೆ ನೋಡಿದ್ದ. ಇದನ್ನು ಹೇಳುವಾಗ ಅವನು ನನ್ನ ಒಲೆಯಿಂದ ದೂರ, ಕಿಟಕಿಯ ಬಳಿ ಕೂತಿದ್ದ. ಆಮೇಲೆ ಮಗಳ ವಿಷಯ ತೆಗೆದ.

ಮಗಳ ಹೆಸರು ಸುಮತಿ, ಇಪ್ಪತ್ತನಾಲ್ಕು ವರ್ಷ. ತಾಯಿ ತೀರಿದ ಮೇಲೆ ಅಪ್ಪನ ಬೆನ್ನಿಗೇ ಬೆಳೆದವಳು. ಇವನಿಗೆ ಕೆಲಸ ಮಾಡಲು ಆಗದಾದಾಗ ಕಾರ್ಖಾನೆಯವರು ಇವನ ಜಾಗಕ್ಕೆ ಮನೆಯ ಒಬ್ಬರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು. ಈಗ ಅವಳು ಅದೇ ವಿಭಾಗದಲ್ಲಿ, ಅದೇ ದ್ರಾವಕದ ಪೀಪಾಯಿಗಳ ನಡುವೆ, ಅದೇ ಸಂಧಿನೋವಿನ ಔಷಧಿ ಮಾಡುತ್ತಿದ್ದಳು.

‘ಅರ್ಜಿ ಬರದು ಕೊಟ್ಟಾವ ನಾನs ಕಾಶಕ್ಕಾ,’ ಎಂದ. ‘ಆಕಿ ಸಹಿ ಅಷ್ಟ ಮಾಡಿದ್ಲು.’

ನಾನು ಎದ್ದು ಬೆಲ್ಲ, ನೀರು ಕೊಟ್ಟೆ.

ಅದಾದ ಮರುವರ್ಷ ಮೇಡಂ ತಮ್ಮ ಕೆಲಸವನ್ನೆಲ್ಲ ಬರೆದು ದೂರದ ಒಂದು ಪತ್ರಿಕೆಗೆ ಕಳಿಸಿದರು. ಐದು ತಿಂಗಳಿಗೆ ಉತ್ತರ ಬಂತು. ಮೂರು ಬೇರೆ ಬೇರೆ ಊರಿನ ಪ್ರಯೋಗಶಾಲೆಗಳಲ್ಲಿ ಇದನ್ನು ಮಾಡಿ ನೋಡಲಾಗಿದೆ, ಮೂರೂ ಕಡೆ ಬುದ್ದಲಿಯಲ್ಲಿ ಸಿಕ್ಕಿದ್ದು ಬರೀ ಉಪ್ಪಿನ ಹೆಂಟೆ, ಲೇಖಕರು ತಮ್ಮ ಫಲಿತಾಂಶವನ್ನು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು ಎಂದಿತ್ತು. ಅಂದು ಬೆಳಿಗ್ಗೆ ನಾನು ಹೊಸ ಕೊಳವೆಗಳನ್ನು ಕೊಡಲು ಹೋಗಿದ್ದೆ. ಮೇಡಂ ಬೆನ್ನು ತಿರುಗಿಸಿ ನಿಂತಿದ್ದರು. ನಮ್ಮ ಊರಿನಲ್ಲಿ ಅತ್ತದ್ದನ್ನು ಮುಚ್ಚಿಡಲು ಆಗುವುದಿಲ್ಲ. ಕಣ್ಣೀರಿನ ನೀರು ಆರಿದರೂ ಅದರ ಉಪ್ಪು ಕೆನ್ನೆಯ ಮೇಲೆ ಹಾಗೆಯೇ ಮಿನುಗುತ್ತಿರುತ್ತದೆ, ಯಾರಾದರೂ ಒರೆಸುವವರೆಗೆ. ನೇಮಣ್ಣ ಹೆಗಲ ಮೇಲಿನ ಟವೆಲ್ಲನ್ನು ಮೇಜಿನ ಮೇಲಿಟ್ಟು, ಅವರ ಕಡೆಗೆ ಸರಿಸಿದ. ಅವರು ಮುಖ ಒರೆಸಿಕೊಂಡು, ಮೂರೂ ಪ್ರಯೋಗಶಾಲೆಯವರನ್ನು ಬೈದರು. ಅವರು ಇಲ್ಲಿಗೆ ಬಂದು ನೋಡಲಿ, ಕಣ್ಣೆದುರೇ ಮಾಡಿ ತೋರಿಸುತ್ತೇನೆ ಎಂದರು.

ಬೈದು ಮುಗಿಯುವವರೆಗೆ ಕಾದು ನೇಮಣ್ಣ ಮೆಲ್ಲಗೆ ಹೇಳಿದ: ‘ಅವರು ಬಂದ್ರ ಏನಾತ್ರಿ? ನೋಡಿ ಹೊಕ್ಕಾರ. ನಮ್ಮೂರಾಗ ಅಷ್ಟ ನಡೀತೈತಿ ಅಂದ್ರ ಅದಕ್ಕ ಪವಾಡ ಅಂತಾರ್ರಿ ಮೇಡಂ, ಔಷಧ ಅನ್ನೂದಿಲ್ಲ. ನನ್ನ ಮಗಳಿಗೆ ಪವಾಡ ಬ್ಯಾಡ್ರಿ.’

ಅಂಬುಜಾ ಮೇಡಂಗೆ ಎದುರು ಮಾತಾಡಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕೊಳವೆಗಳ ಪೆಟ್ಟಿಗೆ ಹಿಡಿದುಕೊಂಡು ಹಾಗೆಯೇ ನಿಂತೆ. ಅವರು ಅವನನ್ನು ದಿಟ್ಟಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಸೇತುವೆ ದಾಟಿದರೂ ಹರಿಯುವ ಉಪ್ಪು ಬೇಕು, ಹಾಗಾದರೆ, ಎಂದರು.

ಅದನ್ನು ಹುಡುಕಲು ಹತ್ತು ತಿಂಗಳು ಹಿಡಿಯಿತು. ಉಪ್ಪೆಂದರೆ ಎರಡು ಬಗೆಯ ಕಣಗಳು, ಒಂದಕ್ಕೊಂದು ಸೆಳೆತ. ಈ ಮಾತನ್ನು ಮೇಡಂ ನನಗೆ ಊಟದ ಪಂಕ್ತಿಯ ಹೋಲಿಕೆ ಕೊಟ್ಟು ತಿಳಿಸಿದರು. ಎಲ್ಲರೂ ಒಂದೇ ಅಳತೆಯವರಾದರೆ ಎದುರುಬದುರು ಸಾಲು ಹಿಡಿದು ಕೂರುತ್ತಾರೆ, ಅಲ್ಲಾಡುವುದಿಲ್ಲ, ಅದೇ ಹರಳು. ಒಬ್ಬ ಡೊಳ್ಳುಹೊಟ್ಟೆಯವನು, ಮತ್ತೊಬ್ಬನ ಕಾಲು ಉದ್ದ, ಅದನ್ನು ಮಡಚಲೂ ಬಾರದು ಎಂದಿಟ್ಟುಕೋ. ಪಂಕ್ತಿ ಕೂರುವುದೇ ಇಲ್ಲ, ಸರಿದಾಡುತ್ತಲೇ ಇರುತ್ತಾರೆ. ಅಂಥವರನ್ನೇ ಕೂಡಿಸಿದರೆ ಆ ಉಪ್ಪು ಯಾವ ಊರಿನಲ್ಲಾದರೂ ಹರಿಯಬೇಕು. ಹೊರಗಿನ ಪುಸ್ತಕಗಳಲ್ಲಿ ಇವಕ್ಕೆ ಅಯಾನಿಕ ದ್ರವ ಎಂಬ ಹೆಸರಿದೆ, ಅಲ್ಲಿಯವರು ಇಂಥ ಹಲವನ್ನು ಮಾಡಿಯೂ ಇದ್ದಾರೆ. ನಮ್ಮಲ್ಲಿ ಎಲ್ಲ ಉಪ್ಪೂ ತಾನಾಗಿ ಹರಿಯುವುದರಿಂದ ನಾನು ಆ ಪುಟ ತಿರುವಿಯೇ ನೋಡಿರಲಿಲ್ಲ, ಎಂದು ಮೇಡಂ ಒಪ್ಪಿಕೊಂಡರು. ಹಾಗೆ ಒಪ್ಪಿಕೊಂಡದ್ದೂ ಅದೇ ಮೊದಲು. ಆದರೆ ಪುಸ್ತಕದ ಉಪ್ಪುಗಳಿಗೆ ಬೇಕಾದ ಸಾಮಾನು ನಮ್ಮ ಕಾಲೇಜಿಗೆ ಎಟುಕುವಂತಿರಲಿಲ್ಲ. ಕೈಗೆ ಸಿಗುವುದರಲ್ಲೇ ಉದ್ದ ಕಾಲು, ಡೊಳ್ಳುಹೊಟ್ಟೆಗಳನ್ನು ಹುಡುಕಬೇಕಾಯಿತು.

ಕಷ್ಟವೆಂದರೆ ಮೇಜಿನ ಮೇಲೆ ಯಾವ ಉಪ್ಪು ಮಾಡಿದರೂ ಅದು ಹರಿಯುತ್ತಿತ್ತು. ಒಳ್ಳೆಯದು ಯಾವುದು, ಹುಸಿ ಯಾವುದು ಎಂದು ಸೇತುವೆಯಾಚೆ ಹೋಗದೆ ತಿಳಿಯುವಂತಿರಲಿಲ್ಲ. ಆ ಕೆಲಸ ನೇಮಣ್ಣ ವಹಿಸಿಕೊಂಡ. ದಾರಿಯಲ್ಲಿ ಸಿಮೆಂಟಿನ ಲಾರಿಗಳ ಧೂಳು. ಮೇಡಂ ತಾವೇ ಹೋಗುತ್ತೇನೆ ಎಂದರೂ ಕೇಳಲಿಲ್ಲ, ನಿಮಗೆ ಪಾಠಗಳಿವೆ ಎಂದ. ನಾನು ಬೆರಳುದ್ದದ ಸೀಸೆಗಳನ್ನು ಊದಿಕೊಡುತ್ತಿದ್ದೆ. ಬೆಳಗಿನ ಹತ್ತಕ್ಕೆ ಬಾಯಿಗೆ ಟವೆಲ್ ಕಟ್ಟಿಕೊಂಡು, ಅಂಗಿಯ ಜೇಬಿನಲ್ಲಿ ಸೀಸೆ ಇಟ್ಟುಕೊಂಡು ಹೊರಡುತ್ತಿದ್ದ. ಏಳು ಕಮಾನಿನ ಸೇತುವೆ, ಏಳನೆಯದನ್ನು ದಾಟುತ್ತಿದ್ದಂತೆ ಸೀಸೆಯೊಳಗೆ ‘ಟಕ್’ ಎಂದು ಸಣ್ಣ ಸದ್ದಾಗುತ್ತಿತ್ತು. ತೆಗೆದು ನೋಡಿದರೆ ಒಂದು ದಿನ ಕರ್ಪೂರದಂತೆ, ಒಂದು ದಿನ ಕಲ್ಲುಸಕ್ಕರೆಯಂತೆ, ಒಮ್ಮೊಮ್ಮೆ ಮೇಣದಂತೆ. ಹಿಂದೆ ಬರುವಾಗ ಅದು ಮತ್ತೆ ನೀರಾಗುತ್ತಿತ್ತು. ಬರಬರುತ್ತ ಊರಿಗೂ ಇದು ರೂಢಿಯಾಯಿತು. ಅವನು ವಾಪಸಾಗುವಾಗ ಹೂವಿನವರು, ಬಸ್ಸಿನ ಕಂಡಕ್ಟರು, ಉಪ್ಪಿನ ಹಮಾಲರು ಎಲ್ಲರದೂ ಒಂದೇ ಪ್ರಶ್ನೆ, ಕಲ್ಲಾಯಿತೇ ಎಂದು. ಅವನು ಕೆಮ್ಮುತ್ತ ತಲೆಯಾಡಿಸುತ್ತಿದ್ದ. ಒಂದು ಸಲ ಹಮಾಲರಲ್ಲಿ ಹಿರಿಯನೊಬ್ಬ, ನಮ್ಮ ಮೇಲಿನ ಕರುಣೆಯಿಂದಲೇ ಇರಬೇಕು, ಸೇತುವೆಗೆ ಎಂಟನೆಯ ಕಮಾನು ಕಟ್ಟಿಸಿದರೆ ಹೇಗೆ ಎಂದು ಕೇಳಿದನಂತೆ.

ಸುಮತಿಯ ಕಾಗದ ತಿಂಗಳಿಗೊಂದು ಬರುತ್ತಿತ್ತು. ನೇಮಣ್ಣ ಅದನ್ನು ನನ್ನ ಮುಂದೆ ಓದುತ್ತಿದ್ದ, ಕೆಲವು ಸಾಲು ಬಿಟ್ಟು. ಬಿಟ್ಟ ಸಾಲುಗಳಲ್ಲಿ ಏನಿರುತ್ತಿತ್ತೋ ನಾನು ಕೇಳಲಿಲ್ಲ. ಒಂದು ಕಾಗದ ಓದಿದ ದಿನ ಮಾತ್ರ, ಆಕೆಗೂ ತಲೆನೋವು ಶುರುವಾಗಿದೆ ಎಂದು ತಾನಾಗಿ ಹೇಳಿದ.

ನಲವತ್ತೊಂದನೆಯ ಸೀಸೆ ಹಿಡಿದು ಹೋದ ದಿನ ಅವನು ಊಟದ ಹೊತ್ತಿಗೂ ವಾಪಸು ಬರಲಿಲ್ಲ. ಮೂರು ಗಂಟೆಗೆ ಮೇಡಂ ನನ್ನ ಮನೆಗೆ ಬಂದರು. ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡಿದ್ದರು. ಎದೆ ಹಿಡಿದುಕೊಂಡು ಎಲ್ಲೋ ಬಿದ್ದಿದ್ದಾನೆ ಎಂದೇ ಇಬ್ಬರೂ ಅಂದುಕೊಂಡೆವು, ಬಾಯಿ ಬಿಟ್ಟು ಹೇಳಲಿಲ್ಲ. ಸೇತುವೆಯ ಮೇಲೆ ಮೇಡಂ ಓಡಿದರು. ನನ್ನ ಮೊಣಕಾಲಿಗೆ ಅದು ಆಗುವ ಮಾತಲ್ಲ, ಹಿಂದಿನಿಂದ ಹೋದೆ. ಆಚೆ ದಂಡೆಯಲ್ಲಿ, ಹಳೆಯ ಸುಂಕದ ಕಟ್ಟೆಯ ನೆರಳಿನಲ್ಲಿ ಅವನು ಕಾಲು ಚಾಚಿಕೊಂಡು ಕೂತಿದ್ದ. ಸೀಸೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಈಚೆಗೊಮ್ಮೆ ಆಚೆಗೊಮ್ಮೆ ಓರೆ ಮಾಡುತ್ತಿದ್ದ. ಒಳಗೆ ಚಹದ ಬಣ್ಣದ ಹನಿ ನಿಧಾನವಾಗಿ ಅತ್ತಿಂದಿತ್ತ ಹರಿಯುತ್ತಿತ್ತು.

‘ನೆರಳಾಗ ಇಟ್ಟೆ, ಬಿಸಿಲಾಗ ಇಟ್ಟೆ,’ ಎಂದ, ನಮ್ಮನ್ನು ನೋಡದೆಯೇ. ‘ಹಳ್ಳದ ತಣ್ಣನ್ನ ನೀರಾಗ ಒಂದ ತಾಸು ಮುಳುಗಿಸಿ ಇಟ್ಟೆ. ಹರಿಯಾಕತ್ತೈತ್ರಿ. ಹೊಳ್ಳಿ ಬಂದ್ರ ಸುಳ್ಳಾದೀತು ಅಂತ ಕೂತೀನಿ.’

ಮೇಡಂ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತರು. ಸೀಸೆ ಇಸಿದುಕೊಂಡು ತಾವೂ ಓರೆ ಮಾಡಿದರು. ನನಗೊಮ್ಮೆ ಕೊಟ್ಟರು. ನಾವು ಮೂವರೂ ಹಾಗೆ ಎಷ್ಟು ಹೊತ್ತು ಕೂತೆವೋ, ಬಸ್ಸೊಂದು ನಿಧಾನ ಮಾಡಿ ಕಂಡಕ್ಟರು ಕಿಟಕಿಯಿಂದ ತಲೆ ಹಾಕಿದ. ನೇಮಣ್ಣ ಸೀಸೆಯನ್ನು ಎತ್ತಿ ಅಲ್ಲಾಡಿಸಿದ. ಬಸ್ಸಿನೊಳಗೆ ಯಾರೋ ಚಪ್ಪಾಳೆ ತಟ್ಟಿದರು.

ಆದರೆ ಉಪ್ಪು ಹರಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಇನ್ನು ಮೇಲಿನ ಪ್ರಯೋಗಗಳು ಆಚೆಯೇ ನಡೆಯಬೇಕು ಎಂದು ಆ ಸುಂಕದ ಕಟ್ಟೆಯ ಕೋಣೆಯನ್ನೇ ಗುಡಿಸಿ ಮೇಜು ಹಾಕಿಕೊಂಡರು. ಹೊಸ ಉಪ್ಪಿಗೆ ಪಲ್ಲಾಡಿಯಂ ಹಾಕಿ ಕಾಸಿದರೆ ಅದು ಕರಗಿ ನಿಲ್ಲಲಿಲ್ಲ. ಕಾಡಿಗೆಯಂತೆ ಕಪ್ಪಾಗಿ ತಳಕ್ಕೆ ಇಳಿಯಿತು. ತಳದಲ್ಲಿ ಮಸಿಯಾಗಿ ಕೂತ ಲೋಹ ಯಾರನ್ನೂ ಸೇರಿಸುವುದಿಲ್ಲ. ಎಂಟು ಸಲ ಹಾಕಿದರು, ಎಂಟೂ ಸಲ ಕಾಡಿಗೆ. ಲೋಹವೂ ತೀರುತ್ತ ಬಂತು. ಮೇಡಂ ಊಟ ಬಿಟ್ಟರು. ಆಗ ನೇಮಣ್ಣ, ನಾನು ಓದಿದವನಲ್ಲ, ಆದರೆ ನಮ್ಮ ಕಾರ್ಖಾನೆಯಲ್ಲಿ ಬಣ್ಣ ಬಂದ ದ್ರಾವಕವನ್ನು ಮುಟ್ಟುತ್ತಿರಲಿಲ್ಲ, ಇದು ಚಹದ ಬಣ್ಣ ಯಾಕಿದೆ, ಎಂದು ಕೇಳಿದ. ಶುದ್ಧ ಉಪ್ಪಿಗೆ ಬಣ್ಣವೇ ಇರಬಾರದು. ಮಾಡುವಾಗ ಉಳಿದ ಏನೋ ಕೊಳೆ ಅದರಲ್ಲಿತ್ತು. ಅಂದಿನಿಂದ ತೊಳೆಯುವ ಕೆಲಸ ಹತ್ತಿತು. ಇದು ನೀರಿನ ಜೊತೆ ಬೆರೆಯದ ಉಪ್ಪು, ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ನೀರು ಹಾಕಿ ಕುಲುಕುವುದು, ನೀರನ್ನು ಬಗ್ಗಿಸಿ ಚೆಲ್ಲುವುದು, ಇದ್ದಿಲ ಪುಡಿಯಲ್ಲಿ ಸೋಸುವುದು, ಕಾಸಿ ಒಣಗಿಸುವುದು. ಒಣಗಿದ ಮೇಲೂ ಗಾಳಿಯ ತೇವವನ್ನು ಅದು ಕದ್ದು ಕುಡಿಯುತ್ತಿತ್ತು. ಅದಕ್ಕಾಗಿ ನಾನು ಗಾಜಿನ ತಿರುಪುಳ್ಳ, ಎರಡು ಕತ್ತಿನ ಒಂದು ಬುದ್ದಲಿ ಊದಿದೆ. ನಾಲ್ಕು ಒಡೆದ ಮೇಲೆ ಐದನೆಯದು ನಿಂತಿತು. ನನ್ನ ಕಸುಬಿನಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ಮಾಡಿಲ್ಲ, ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಹತ್ತೊಂಬತ್ತನೆಯ ತೊಳೆತಕ್ಕೆ ಉಪ್ಪು ನೀರಿನಷ್ಟು ತಿಳಿಯಾಯಿತು. ಲೋಹ ಅದರಲ್ಲಿ ಕರಗಿ ತಿಳಿಹಳದಿಯಾಗಿ ನಿಂತಿತು. ಎರಡು ತಾಸಿನ ಮೇಲೆ ಔಷಧಿಯ ಪದರ ಮೇಲೆ ತೇಲಿ ಬಂತು.

ಮೇಡಂ ಅದನ್ನು ಮೊದಲು ಪತ್ರಿಕೆಗೆ ಬರೆಯೋಣ, ಕಾರ್ಖಾನೆಗೆ ಅಂಚೆಯಲ್ಲಿ ಕಳಿಸೋಣ ಎಂದರು. ನೇಮಣ್ಣ, ಬರೆಯುವುದನ್ನು ನೀವು ಬರೆಯಿರಿ, ಸೀಸೆ ನಾನು ಒಯ್ಯುತ್ತೇನೆ, ಎಂದ. ಗಾಜು ಒಡೆಯದಂತೆ ಹಿಡಿದುಕೊಂಡು ಹೋಗಲು ನಾನೂ ಹೊರಟೆ. ಬುದ್ದಲಿಯನ್ನು ತೊಡೆಯ ಮೇಲೆ ಹತ್ತಿಯಲ್ಲಿ ಸುತ್ತಿಟ್ಟುಕೊಂಡು ರಾತ್ರಿಯ ಬಸ್ಸಿನಲ್ಲಿ ಆರು ತಾಸು ಕೂತೆ.

ಕಾರ್ಖಾನೆ ಇನ್ನೂ ಅರ್ಧ ಮೈಲಿ ಇರುವಾಗಲೇ ಗಾಳಿ ಸಿಹಿಯಾಯಿತು, ತಲೆ ಭಾರವಾಗುವಂಥ ಕೆಟ್ಟ ಸಿಹಿ. ನೇಮಣ್ಣ ಟವೆಲ್ ಬಿಗಿದುಕೊಂಡ. ಗೇಟಿನ ಬಳಿ ಅವನಿಗೆ ಕೆಮ್ಮು ಹತ್ತಿ ಕಾಂಪೌಂಡಿನ ಗೋಡೆ ಹಿಡಿದುಕೊಂಡು ನಿಂತ. ಆಗಲೇ ಸುಮತಿ ಹೊರಗೆ ಬಂದಳು. ಎತ್ತರದ ಹುಡುಗಿ, ಮುಖಕ್ಕೆ ಕಟ್ಟಿದ್ದ ಬಟ್ಟೆ ಕತ್ತಿಗೆ ಜಾರಿತ್ತು. ಅಪ್ಪನ ಬೆನ್ನು ತಿಕ್ಕುತ್ತಲೇ, ಡಾಕ್ಟರು ಏನು ಹೇಳಿದ್ದರು, ನೀನು ಯಾಕೆ ಬಂದೆ, ಕಾಗದ ಬರೆದಿದ್ದರೆ ಆಗುತ್ತಿರಲಿಲ್ಲವೇ ಎಂದು ಗದರಿದಳು. ಅವಳ ಬೆರಳ ಗೆಣ್ಣುಗಳಲ್ಲಿ ಚರ್ಮ ಬಿರಿದಿತ್ತು. ನೇಮಣ್ಣ ಮಾತಾಡಲಾರದೆ ನನ್ನ ಕೈಯ ಗಂಟನ್ನು ತೋರಿಸಿದ.

ಅವಳು ಬುದ್ದಲಿಯನ್ನು ಬೆಳಕಿಗೆ ಹಿಡಿದಳು. ತಿರುಪು ಸಡಿಲಿಸಿ ಮೂಗಿನ ಹತ್ತಿರ ತಂದಳು. ಆಮೇಲೆ ಒಂದರ ಮೇಲೊಂದು ಪ್ರಶ್ನೆ ಕೇಳಿದಳು: ಎಷ್ಟು ಬಿಸಿಗೆ ಕಾಸಬೇಕು, ಎಷ್ಟು ಸಲ ಬಳಸಬಹುದು, ತೇವ ತಾಗಿದರೆ ಏನಾಗುತ್ತದೆ. ಅಪ್ಪ ಟವೆಲ್ಲಿನೊಳಗಿಂದಲೇ ಉತ್ತರ ಹೇಳುತ್ತ ಹೋದ. ಕೊನೆಗೆ ಅವಳು, ‘ವಾಸನಿ ಇಲ್ಲ ಅಂದ್ರ ವಿಷ ಇಲ್ಲಂತೇನು ಅಪ್ಪಾ? ಹಳಿದಾತು ಅಂದ್ರ ಇದನ್ನ ಎಲ್ಲಿ ಚೆಲ್ಲೂದು?’ ಎಂದಳು.

ಅದನ್ನು ಮೇಡಂ ಮೊದಲೇ ಹೇಳಿ ಕಳಿಸಿದ್ದರು. ಇದು ಮೀನಿಗೆ ಒಳ್ಳೆಯದಲ್ಲ, ಹೊಳೆಗೂ ಚರಂಡಿಗೂ ಒಂದು ಹನಿ ಬಿಡಬಾರದು, ಕೆಟ್ಟದ್ದನ್ನು ಮತ್ತೆ ತೊಳೆದು ಬಳಸಬೇಕು, ತೊಳೆದ ನೀರನ್ನೂ ಹಿಡಿದಿಡಬೇಕು. ನೇಮಣ್ಣ ಅದನ್ನು ಹೇಳಿದಾಗ ಅವಳ ಮುಖ ಮೊದಲ ಸಲ ಸಡಿಲವಾಯಿತು. ಮುಚ್ಚುಮರೆ ಇಲ್ಲದ ಉತ್ತರ ಅವಳಿಗೆ ಬೇಕಿತ್ತೆಂದು ಕಾಣುತ್ತದೆ. ಮೇಲಿನವರನ್ನು ಕೇಳಿ, ಹಿಂದಿನ ಪರೀಕ್ಷಾ ಕೋಣೆಯಲ್ಲಿ ಒಂದು ದಿನದ ಮಟ್ಟಿಗೆ ಮಾಡಿ ನೋಡಲು ಒಪ್ಪಿಗೆ ತಂದಳು. ಅಪ್ಪನನ್ನು ಮಾತ್ರ ಒಳಗೆ ಬಿಡಲಿಲ್ಲ.

ನಾವು ದೂರದ ಒಂದು ಖಾನಾವಳಿಯಲ್ಲಿ ಕಾದೆವು. ರೊಟ್ಟಿಯ ತಟ್ಟೆಯ ಅಂಚಿಗೆ ಬಿಳಿಯ ಪುಡಿ ಒಂದು ಚಿಟಿಕೆ ಹಾಕಿದ್ದರು. ಏನೆಂದು ಕೇಳಿದೆ, ಉಪ್ಪು ಎಂದ ನೇಮಣ್ಣ. ನನಗೆ ಐವತ್ತೇಳು ವರ್ಷ, ಉಪ್ಪಿನ ಹರಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎರಡು ಬೆರಳಲ್ಲಿ ತಿಕ್ಕಿದೆ, ಮರಳಿನಂತೆ ಕರಕರ ಅಂದಿತು. ಒಂದು ಹರಳನ್ನು ಬೆಳಕಿಗೆ ಹಿಡಿದರೆ ನಾಲ್ಕು ಮೂಲೆ ಕತ್ತರಿಸಿಟ್ಟಂತೆ ಚೌಕವಾಗಿತ್ತು. ನೇಮಣ್ಣ ನಗುತ್ತ ನೋಡುತ್ತಿದ್ದ. ಆದರೆ ಅವನು ರೊಟ್ಟಿ ಮುರಿಯಲಿಲ್ಲ.

ಸಂಜೆ ಐದಕ್ಕೆ ಸುಮತಿ ಬಂದು ಎದುರಿನ ಬೆಂಚಿನ ಮೇಲೆ ಕೂತಳು. ಆಯಿತು ಎಂದಳು. ಮೂರು ಸಲ ಮಾಡಿದೆ, ಮೂರೂ ಸಲ ಮೇಲಿನ ಪದರ ತಿಳಿಯಾಗಿ ಬಂತು, ಲೋಹ ಇದ್ದಲ್ಲೇ ಇದೆ. ಮೇಲಿನವರೂ ಬಂದು ನೋಡಿದರು. ಇಡೀ ವಿಭಾಗವನ್ನು ಒಮ್ಮೆಗೇ ಬದಲಿಸುವುದಿಲ್ಲವಂತೆ, ಮೊದಲು ಒಂದು ಕೋಣೆ. ಅದನ್ನು ನಡೆಸಲು, ಉಳಿದವರಿಗೆ ಕಲಿಸಲು ಅವಳೇ ಇರಬೇಕಂತೆ. ಒಂದು ವರ್ಷವಾದರೂ ಬೇಕು.

ನೇಮಣ್ಣನ ಮುಖ ಕಪ್ಪಿಟ್ಟಿತು. ಇದು ಗೆದ್ದರೆ ಮಗಳು ಕೆಲಸ ಬಿಟ್ಟು ತನ್ನ ಜೊತೆ ಬಂದುಬಿಡುತ್ತಾಳೆ ಎಂದು ಅವನು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದ. ಅದು ನನಗೂ ಆಗಲೇ ಗೊತ್ತಾದದ್ದು. ಅವನು ತಟ್ಟೆಯ ಅಂಚನ್ನು ಹಿಡಿದುಕೊಂಡು, ತಾನೇ ಅರ್ಜಿ ಬರೆದು ಅವಳನ್ನು ಈ ಬೆಂಕಿಗೆ ನೂಕಿದ್ದನ್ನು, ಅಂದಿನಿಂದ ಒಂದು ತುತ್ತೂ ನೆಟ್ಟಗೆ ಇಳಿಯದ್ದನ್ನು ಹೇಳಿಕೊಂಡ. ಮಗಳ ಮುಂದೆ ಅವನು ಅದನ್ನು ಆಡಿದ್ದು ಆ ದಿನವೇ.

ಸುಮತಿ ರೊಟ್ಟಿ ಮುರಿದು ಪಲ್ಯ ಹಚ್ಚಿ ಅವನ ಕೈಯಲ್ಲಿಟ್ಟಳು. ‘ಬರದಾವ ನೀನು ಖರೆ. ಆದ್ರ ಮುಂಜಾನೆದ್ದು ದಿನಾ ಒಳಗ ಹೋದಾಕಿ ನಾನಲ್ಲೇನು?’ ಎಂದಳು. ‘ನನಗ ಈ ಕೆಲಸ ಬರ್ತೈತಿ ಅಪ್ಪಾ. ನಿನ್ನ ಕೈಯಿಂದ ಬಂದದ್ದು. ನನಗ ಬ್ಯಾಡಾಗಿದ್ದು ಆ ಹೊಗಿ ಅಷ್ಟ. ತಿನ್ನು ಈಗ.’

ಅವನು ತಿಂದ. ನಾನು ಬೇರೆ ಕಡೆ ನೋಡಿದೆ.

ಒಂದು ವರ್ಷ ಎಂದದ್ದು ಎರಡು ವರ್ಷಕ್ಕೆ ಹೋಯಿತು. ನಡುವೆ ಮೇಡಂ ಅವರ ಲೇಖನ ಅಚ್ಚಾಯಿತು. ಅವೇ ಮೂರು ಪ್ರಯೋಗಶಾಲೆಗಳು ಈ ಸಲ ಹರಿಯುತ್ತದೆ ಎಂದು ಬರೆದುಕೊಟ್ಟವು. ಲೇಖನದಲ್ಲಿ ಊರಿನ ವಿಷಯ ಏನೂ ಇಲ್ಲ. ಕೊನೆಯ ಸಾಲಿನಲ್ಲಿ ನೇಮಣ್ಣನಿಗೂ ಗಾಜಿನ ಕೆಲಸಕ್ಕೆ ನನಗೂ ವಂದನೆ ಇದೆ. ಮೇಡಂ ಈಗ ಬೇರೊಂದು ಉಪ್ಪಿನ ಹಿಂದೆ ಬಿದ್ದಿದ್ದಾರೆ, ಮೀನಿಗೂ ಒಗ್ಗುವಂಥದ್ದು ಬೇಕಂತೆ. ಸುಂಕದ ಕಟ್ಟೆಯಲ್ಲಿ ತೊಟ್ಟಿ ಇಟ್ಟು ಮೀನು ಸಾಕಿದ್ದಾರೆ.

ಹೋದ ಮಾರ್ಗಶಿರದಲ್ಲಿ ಸುಮತಿಯ ಕಾಗದ ಬಂತು. ವಿಭಾಗದ ನಾಲ್ಕೂ ಕೋಣೆ ಬದಲಾಗಿದೆ, ಪೀಪಾಯಿಗಳನ್ನೆಲ್ಲ ಸಾಗಿಸಿಯಾಯಿತು, ಅಪ್ಪನನ್ನು ಕರೆದುಕೊಂಡು ಬಾ ಅತ್ತೆ, ಎಂದು ನನಗೇ ಬರೆದಿದ್ದಳು. ಈ ಸಲ ನೇಮಣ್ಣ ಬೇಡ ಎಂದ. ಅಲ್ಲಿ ನನಗೇನು ಕೆಲಸ ಎಂದ, ಬಸ್ಸಿನ ಧೂಳು ಎಂದ, ಪ್ರಯೋಗಶಾಲೆ ಗುಡಿಸುವವರಿಲ್ಲ ಎಂದ. ಮೇಡಂ ತಾವೇ ಪೊರಕೆ ಕೈಗೆ ತೆಗೆದುಕೊಂಡು ಅವನನ್ನು ಹೊರಡಿಸಿದರು.

ಗೇಟಿನಿಂದ ವಿಭಾಗದವರೆಗೆ ಇನ್ನೂರು ಹೆಜ್ಜೆ ಇರಬೇಕು. ಬೇರೆ ಕಟ್ಟಡಗಳ ವಾಸನೆ ಅಂಗಳದಲ್ಲಿ ಇನ್ನೂ ಸುಳಿಯುತ್ತಿತ್ತು. ನೇಮಣ್ಣ ಟವೆಲ್ ಒತ್ತಿಹಿಡಿದುಕೊಂಡು ಮಗಳ ಹಿಂದೆ ಬಗ್ಗಿ ನಡೆದ. ಕಬ್ಬಿಣದ ಬಾಗಿಲು ತೆರೆಯಿತು, ನಾವು ಒಳಗೆ ಹೋದೆವು, ಬಾಗಿಲು ಹಿಂದೆ ಮುಚ್ಚಿತು. ಉದ್ದನೆಯ ಕೋಣೆ. ಸಾಲಾಗಿ ಗಾಜಿನ ದೊಡ್ಡ ಪಾತ್ರೆಗಳು, ಒಳಗೆ ಹಳದಿ ತಳ, ಮೇಲೆ ತಿಳಿ ಪದರ. ಐದಾರು ಹೆಂಗಸರು ಬರಿಮುಖದಲ್ಲಿ, ಬರೀ ಕೈಗವಸು ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಅವರಲ್ಲೊಬ್ಬಳು ಏನೋ ಗುನುಗುತ್ತಿದ್ದಳು. ನೇಮಣ್ಣ ನಡುವೆ ನಿಂತು ಎಲ್ಲವನ್ನೂ ನೋಡಿದ. ಟವೆಲ್ ಮುಖದಿಂದ ಜಾರಿತ್ತು. ಆದರೂ ಅವನ ಕತ್ತಿನ ನರ ಉಬ್ಬಿತ್ತು, ಮುಖ ಕೆಂಪಾಗುತ್ತ ಬಂತು. ನನಗೆ ಗಾಬರಿಯಾಗಿ ಕೈ ಹಿಡಿಯಹೋದೆ.

ಸುಮತಿಗೆ ಮಾತ್ರ ತಿಳಿದಿತ್ತು. ಅವಳು ಅಪ್ಪನ ಎದೆಯ ಮೇಲೆ ಅಂಗೈ ಇಟ್ಟಳು.

‘ಅಪ್ಪಾ, ಉಸಿರು ತಗೋ,’ ಎಂದಳು.

ಬಾಗಿಲು ದಾಟಿದಾಗಿನಿಂದ ಅವನು ಉಸಿರು ಕಟ್ಟಿಕೊಂಡೇ ನಿಂತಿದ್ದ. ಇಪ್ಪತ್ತೆರಡು ವರ್ಷದ ಅಭ್ಯಾಸ. ಅವನು ಮಗಳನ್ನು ನೋಡಿದ. ಮೊದಲು ಚೂರೇ ಚೂರು ಎಳೆದುಕೊಂಡ. ಕೆಮ್ಮು ಬರುತ್ತದೆ ಎಂದು ಕಾದ. ಬರಲಿಲ್ಲ. ಇನ್ನೊಮ್ಮೆ, ಎದೆ ತುಂಬ, ಭುಜ ಮೇಲೇರುವಷ್ಟು ಎಳೆದುಕೊಂಡ. ಸುಮತಿಯ ಅಂಗೈ ಅದರ ಜೊತೆಗೇ ಏರಿ ಇಳಿಯಿತು. ಕೆಲಸದ ಹೆಂಗಸರು ತಿರುಗಿ ನೋಡುತ್ತಿದ್ದರು. ಅವನಿಗೆ ಸಂಕೋಚವಾಯಿತೋ ಏನೋ, ಕಣ್ಣು ಹೊರಳಿಸಿ ಮೂರನೆಯ ಪಾತ್ರೆಯ ಬಳಿ ಹೋಗಿ ಬಗ್ಗಿದ. ಅದರ ನಲ್ಲಿಯನ್ನು ಹೆಬ್ಬೆರಳಿನಿಂದ ಅತ್ತಿತ್ತ ತಿರುವಿ ನೋಡಿ, ಇದು ಬಿಗಿಯಾಗಿದೆ, ಸ್ವಲ್ಪ ಗ್ರೀಸು ಕೊಡಿ ಎಂದು ಕೈ ಚಾಚಿದ.